ಗುರುಶಾಂತಮ್ಮನ ಕೈತುತ್ತು

ಅಜ್ಜಂಪುರದ ಪೇಟೆ ಬೀದಿಯಲ್ಲಿ ಗುರುಶಾಂತಮ್ಮನಿಗಿಂತ ಗಟ್ಟಿಗಿತ್ತಿಯರು ಇದ್ದರು, ಅವಳಿಗಿಂತ ರುಚಿಯಾಗಿ ಅಡುಗೆ ಮಾಡುವವರೂ ಇದ್ದರು. ಆದರೆ ಅವಳಷ್ಟು ಹೊಟ್ಟೆಕಿಚ್ಚಿನ ಹೆಂಗಸು ಇನ್ನೊಬ್ಬಳಿರಲಿಲ್ಲ. ಇದು ಬೇರೆಯವರು ಹೊರಿಸಿದ ಅಪವಾದವಲ್ಲ. ವಯಸ್ಸಾದ ಮೇಲೆ ಅವಳೇ ಜಗಲಿಯ ಮೇಲೆ ಕೂತು ಹೇಳಿಕೊಂಡು ನಗುತ್ತಿದ್ದಳು. ಹಾಗೆ ನಗುವುದಕ್ಕೆ ಎಷ್ಟು ವರ್ಷ ಹಿಡಿಯಿತು ಅನ್ನುವುದು ಬೇರೆ ಮಾತು.

ಅವಳನ್ನು ಲಿಂಗದಹಳ್ಳಿಗೆ ಕೊಟ್ಟಿದ್ದರು. ಹತ್ತೊಂಬತ್ತು ತುಂಬುವುದರೊಳಗೆ ಗಂಡ ತೀರಿಹೋದ. ತಮ್ಮ ಷಣ್ಮುಖಪ್ಪ ಗಾಡಿ ಕಟ್ಟಿಸಿಕೊಂಡು ಹೋಗಿ ಅಕ್ಕನನ್ನು ಮನೆಗೆ ಕರೆತಂದ. ತಮ್ಮನ ಮನೆಯಲ್ಲಿ ಉಣ್ಣುವ ಅಕ್ಕನಿಗೆ ದುಡಿಮೆಗೇನೂ ಕೊರತೆಯಿಲ್ಲ, ಇಲ್ಲದ್ದು ಹಕ್ಕು ಮಾತ್ರ. ಆ ಹಕ್ಕು ಅವಳಿಗೆ ಸಿಕ್ಕಿದ್ದು ಷಣ್ಮುಖಪ್ಪನ ಹೆಂಡತಿ ಹನ್ನೊಂದು ತಿಂಗಳ ಹೆಣ್ಣುಕೂಸನ್ನು ಬಿಟ್ಟು ಕಣ್ಣುಮುಚ್ಚಿದಾಗ. ಕೂಸಿನ ಹೆಸರು ಗಂಗಾಂಬಿಕೆ. ಎಲ್ಲರ ಬಾಯಲ್ಲಿ ಗಂಗಿ. ಗುರುಶಾಂತಮ್ಮ ಹಸುವಿನ ಹಾಲು ಕುಡಿಸಿ, ರಾಗಿ ಸರಿ ತಿನ್ನಿಸಿ ಅದನ್ನು ಸಾಕಿದಳು. ಅತ್ತೆ ಎತ್ತ ಹೋದರೆ ಮಗು ಅತ್ತ.

ಷಣ್ಮುಖಪ್ಪನದು ರೈಲ್ವೆ ಸ್ಟೇಷನ್ ದಾರಿಯಲ್ಲಿ ಕಡ್ಲೆಕಾಯಿ ಮಂಡಿ. ಗಂಗಿಗೆ ನಾಲ್ಕು ತುಂಬಿದ ವರ್ಷ, ಸುಗ್ಗಿಯಲ್ಲಿ ಒಂದು ದಿನ ಮಗಳನ್ನು ಮಂಡಿಗೆ ಕರೆದುಕೊಂಡು ಹೋದವನು ಪ್ರೀತಿಯಿಂದ ಎರಡು ಕಾಯಿ ಸುಲಿದು ಬೀಜ ಬಾಯಿಗಿಟ್ಟ. ಅರ್ಧ ಬೀಡಿ ಸೇದುವಷ್ಟು ಹೊತ್ತೂ ಆಗಿರಲಿಲ್ಲ, ಮಗುವಿನ ತುಟಿ ಊದಿತು, ಮೈಯೆಲ್ಲ ದದ್ದೆದ್ದಿತು, ಉಸಿರು ಸಿಳ್ಳೆ ಹಾಕತೊಡಗಿತು. ಹೆಗಲ ಮೇಲೆ ಹಾಕಿಕೊಂಡು ಓಡಿದ. ಡಾಕ್ಟರು ಇಂಜೆಕ್ಷನ್ ಚುಚ್ಚಿ ಉಳಿಸಿದರು. ಕೆಲವರ ಮೈಗೆ ಕೆಲವು ಪದಾರ್ಥ ವಿಷವಾಗುತ್ತದೆ, ಅಲರ್ಜಿ ಅನ್ನುತ್ತಾರೆ, ಇವಳಿಗೆ ಕಡ್ಲೆಕಾಯಿ ಹಾಗೆ, ಅದರ ಪುಡಿಯೂ ಬಾಯಿಗೆ ಹೋಗಕೂಡದು, ಇನ್ನೊಂದು ಸಲ ಹೀಗಾದರೆ ಇಂಜೆಕ್ಷನ್ ಮಾಡುವುದರೊಳಗೆ ಏನಾದರೂ ಆಗಬಹುದು ಎಂದರು.

ಮಗುವಿನ ಮೈ ನಾಲ್ಕು ದಿನಕ್ಕೆ ಸರಿಹೋಯಿತು. ಹೆದರಿಕೆ ಹೋಗಲಿಲ್ಲ. ಅತ್ತೆಯ ಕೈತುತ್ತು ಬಿಟ್ಟು ಇನ್ನೊಬ್ಬರು ಕೊಟ್ಟ ನೀರನ್ನೂ ಮುಟ್ಟದಾಯಿತು. ಮಂಡಿಯಿಂದ ಬಂದ ಅಪ್ಪನ ಅಂಗಿಯಲ್ಲಿ ಕಡ್ಲೆಕಾಯಿ ವಾಸನೆ. ಅವನು ಹೊಸ್ತಿಲು ದಾಟಿದರೆ ಗಂಗಿ ಕಣಜದ ಹಿಂದೆ ಅವಿತು ನಡುಗುತ್ತಿದ್ದಳು. ಷಣ್ಮುಖಪ್ಪ ಎರಡು ವರ್ಷ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲಿಲ್ಲ.

ಆಗ ಗುರುಶಾಂತಮ್ಮ ಏನು ಮಾಡಬೇಕಿತ್ತು? ಧೈರ್ಯ ಹೇಳಬೇಕಿತ್ತು. ಅವಳು ಮಾಡಿದ್ದು ಬೇರೆ. ತುತ್ತಿಗೊಂದು ಸಲ ಮಗುವಿನ ಕಿವಿಯಲ್ಲಿ ಹೇಳುವಳು: “ನನ್ ಕೈದು ಬಿಟ್ಟು ಇನ್ನೊಬ್ರ ಕೈದು ತಿಂದ್ರೆ ಸತ್ತೋಗ್ತೀಯ ಕಣವ್ವ.” ಹೇಳುವಾಗ ಕಣ್ಣಲ್ಲಿ ನೀರು ಬರುತ್ತಿತ್ತು, ಅದು ಸುಳ್ಳು ನೀರೂ ಅಲ್ಲ. ಮಗು ಅವಳ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದಾಗ ಆಗುತ್ತಿದ್ದ ಸಂತೋಷವೂ ಸುಳ್ಳಲ್ಲ. ಗಂಗಿ ಆರು ವರ್ಷಕ್ಕೆ ಸೌದೆಕಡ್ಡಿ ಹಾಗಾದಳು. ಸ್ಕೂಲಿನಲ್ಲಿ ಮಕ್ಕಳ ಜೇಬಿನಲ್ಲೆಲ್ಲ ಕಡ್ಲೆಕಾಯಿ ಎಂದು ಸ್ಕೂಲಿಗೂ ಹೋಗಲಿಲ್ಲ. ನೋಡಿದವರು ಅಯ್ಯೋ ಎನ್ನುವರು, ಗುರುಶಾಂತಮ್ಮನಿದ್ದದ್ದಕ್ಕೆ ಮಗು ಬದುಕಿತು ಎಂದೂ ಸೇರಿಸುವರು. ಆ ಮಾತು ಕೇಳಿದ ದಿನ ಅವಳಿಗೆ ಎರಡು ಮುದ್ದೆ ಹೆಚ್ಚಿಗೆ ಸೇರುತ್ತಿತ್ತು.

ಹೀಗಿರುವಾಗ ದೇವನೂರಿನ ನೆಂಟರು ಹಟ ಹಿಡಿದು ಷಣ್ಮುಖಪ್ಪನಿಗೆ ಎರಡನೆಯ ಮದುವೆ ಮಾಡಿಸಿದರು. ಹುಡುಗಿ ಕಡೂರಿನವಳು, ವಿಶಾಲಾಕ್ಷಮ್ಮ. ಎಂಟನೇ ಕ್ಲಾಸು ಓದಿದ್ದಳು, ಮಾತು ಕಡಿಮೆ. ಮಲತಾಯಿ ಎಂದರೆ ಹೇಗಿರುತ್ತಾಳೆಂದು ಗುರುಶಾಂತಮ್ಮನಿಗೆ ಗೊತ್ತಿಲ್ಲವೇ? ಅವಳು ಮಗುವಿಗೆ ಊಟ ಹಾಕದೆ ಗೋಳುಹೊಯ್ದುಕೊಂಡಿದ್ದರೆ ಗುರುಶಾಂತಮ್ಮ ಖುಷಿಯಾಗಿ ಜಗಳ ಆಡಿರುತ್ತಿದ್ದಳು. ಹಾಳಾದವಳು ಹಾಗೆ ಮಾಡಲಿಲ್ಲ.

ಮೊದಲ ವಾರವೇ ಹಿತ್ತಲ ಬಾಗಿಲಲ್ಲಿ ಒಂದು ಹಂಡೆ ನೀರು, ಸೋಪು, ಮಡಿಸಿದ ಪಂಚೆ, ಅಂಗಿ ಇಟ್ಟಳು. ಮಂಡಿಯಿಂದ ಬಂದ ಗಂಡ ಅಲ್ಲೇ ಮೈ ತೊಳೆದು, ಬಟ್ಟೆ ಬದಲಾಯಿಸಿ ಒಳಗೆ ಬರಬೇಕು. ಹದಿನೈದು ದಿನ ಗಂಗಿ ಕಣಜದ ಹಿಂದಿನಿಂದ ಇದನ್ನು ನೋಡಿದಳು. ಹದಿನಾರನೆಯ ದಿನ ಹತ್ತಿರ ಬಂದು ಅಪ್ಪನ ಅಂಗೈ ಮೂಸಿ, ತೊಡೆಯ ಮೇಲೆ ಕೂತಳು. ಷಣ್ಮುಖಪ್ಪ ಗಂಡಸು ಅನ್ನುವುದನ್ನೂ ಮರೆತು ಬಿಕ್ಕಿಬಿಕ್ಕಿ ಅತ್ತ. ಒಲೆ ಮುಂದೆ ಕೂತಿದ್ದ ಗುರುಶಾಂತಮ್ಮನಿಗೆ ಹೊಟ್ಟೆಯೊಳಗೇ ಯಾರೋ ಕೊಳ್ಳಿ ಇಟ್ಟಂತಾಯಿತು. ನಾನು ಎರಡು ವರ್ಷ ಹೆತ್ತವಳಿಗಿಂತ ಹೆಚ್ಚಾಗಿ ಕಾದೆ, ಇವಳು ಒಂದು ಹಂಡೆ ನೀರಿನಲ್ಲಿ ಹೆಸರು ತೆಗೆದುಕೊಂಡಳು ಎಂದು ರೊಟ್ಟಿ ಸೀಯಿಸಿದಳು.

ಆಮೇಲೆ ವಿಶಾಲಾಕ್ಷಮ್ಮ ಒಂದು ಗಾಜಿನ ಬಾಟಲಿಗೆ ನಾಲ್ಕು ಕಡ್ಲೆಕಾಯಿ ಹಾಕಿ, ಬಿರಡೆ ಬಿಗಿದು, ಮೇಣ ಹಾಕಿ ಗೂಡಿನಲ್ಲಿಟ್ಟಳು. ದೂರದಿಂದ ನೋಡು ಎಂದು ಗಂಗಿಗೆ ಹೇಳಿದಳು. ಅದು ಬಾಟಲಿಯಿಂದ ಎದ್ದು ಬರುತ್ತಾ ನೋಡು, ಅದಕ್ಕೆ ಕಾಲಿಲ್ಲ, ನೀನು ಬಾಯಿಗೆ ಹಾಕಿಕೊಳ್ಳದಿದ್ದರೆ ಅದರ ಕೈಲಿ ಏನೂ ಆಗಲ್ಲ ಅಂದಳು. ಕಾಯಿ ಹೇಗಿರುತ್ತದೆ, ಬೀಜ ಹೇಗಿರುತ್ತದೆ, ಕೆಂಪು ಸಿಪ್ಪೆ ಹೇಗಿರುತ್ತದೆ ಎಂದು ಗುರುತು ಹಿಡಿಸಿದಳು.

ಅದಾದ ಮೇಲೆ ಹಿತ್ತಲಲ್ಲಿ ಅಡುಗೆ ಆಟ ಶುರುವಾಯಿತು. ವಿಶಾಲಾಕ್ಷಮ್ಮ ಮಣ್ಣಿನ ರೊಟ್ಟಿ ತಟ್ಟಿ ಎಲೆಯ ಮೇಲೆ ಬಡಿಸುವಳು. ಗಂಗಿ ಕೇಳಬೇಕು, ಇದರಲ್ಲಿ ಕಡ್ಲೆಕಾಯಿ ಐತಾ? ಇಲ್ಲ ಅಂದರೆ ಉಣ್ಣುವ ಆಟ. ಐತೆ ಅಂದರೆ ಎಲೆಗೆ ಕೈ ಅಡ್ಡ ಹಿಡಿದು, ನನಗೆ ಒಗ್ಗಲ್ಲ ಅನ್ನಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಐತೆ ಅಂತ ನಿಜ ಹೇಳಿದವರು ನಿನ್ನ ಜೀವ ಉಳಿಸಿದ ಹಾಗೆ, ಅವರಿಗೆ ಕೈ ಮುಗಿದು ಶರಣು ಅನ್ನಬೇಕು ಎಂದು ಕಲಿಸಿದಳು. ಗಂಗಿ ಬೊಂಬೆಯನ್ನು ಕೇಳಿದಳು, ಕರುವನ್ನು ಕೇಳಿದಳು, ತುಳಸಿಕಟ್ಟೆಯನ್ನೂ ಕೇಳಿದಳು.

ಗುರುಶಾಂತಮ್ಮ ಕೇಳಿಸಿಕೊಂಡು ಮೂಗು ಮುರಿದಳು. ಇದು ತಟ್ಟೆಯನ್ನು ತೊಳೆದು ಕುಡಿಯುವ ಮನೆತನ, ಪ್ರಸಾದ ಅಂತ ಉಣ್ಣುವವರು, ಬಡಿಸಿದವರನ್ನು ಏನು ಹಾಕಿದ್ದೀರಿ ಎಂದು ಕೇಳುವುದು ಯಾವ ಊರಿನ ಸಂಸ್ಕಾರ ಎಂದು ತಮ್ಮನ ಮುಂದೆ ರಂಪ ಮಾಡಿದಳು. ಅದರಿಂದ ಏನೂ ಆಗಲಿಲ್ಲ. ಆಗ ಮಗುವನ್ನು ಒಬ್ಬಳನ್ನೇ ಹಿಡಿದು, ಚಿಕ್ಕಮ್ಮನಿಗೆ ನಿನ್ನ ಮೈ ಗುಣ ಗೊತ್ತಿಲ್ಲ, ತಿಳಿಯದೆ ಕಡ್ಲೆಕಾಯಿ ಹಾಕಿಬಿಟ್ಟಾಳು ಎಂದು ಕಿವಿಯೂದಿದಳು. ಪಾಪ ಅನ್ನಿ, ಹೊಟ್ಟೆಕಿಚ್ಚು ಅನ್ನಿ, ಮಾಡಿದ್ದು ಮಾತ್ರ ಹೌದು. ಗಂಗಿ ಮೂರು ದಿನ ಚಿಕ್ಕಮ್ಮನ ಕೈಯ ಅನ್ನ ಮುಟ್ಟಲಿಲ್ಲ.

ವಿಶಾಲಾಕ್ಷಮ್ಮನಿಗೆ ಇದು ಎಲ್ಲಿಂದ ಬಂತೆಂದು ತಿಳಿಯದೆ ಇರುತ್ತದೆಯೇ? ಅತ್ತಿಗೆಯ ಮುಖವನ್ನೊಮ್ಮೆ ನೋಡಿದಳು, ಜಗಳಕ್ಕೆ ಬರಲಿಲ್ಲ. ಮಗುವಿನ ಮುಂದೆ ಕೂತು ಹೇಳಿದಳು: “ನನ್ನ ನಂಬು ಅಂತ ನಾನು ಹೇಳಲ್ಲ ಗಂಗವ್ವ. ನಂಬೋದು ಬಿಡೋದು ಆಮೇಲೆ. ಮೊದಲು ಕೇಳು. ಯಾರ್ ಬಡಿಸಿದ್ರೂ ಕೇಳು.”

ಬೇಸಿಗೆಯಲ್ಲಿ ಪಕ್ಕದ ಜಯದೇವಪ್ಪನವರ ಮನೆ ಮದುವೆ. ಗಂಗಿ ಚಿಕ್ಕಮ್ಮನ ಪಕ್ಕ ಪಂಕ್ತಿಯಲ್ಲಿ ಕೂತಳು. ಪಲ್ಯದ ಬಕೆಟ್ಟು ಹಿಡಿದು ಬಂದ ಗಡ್ಡದ ಯಜಮಾನರನ್ನು ತಲೆಯೆತ್ತಿ ಕೇಳಿದಳು. ಪಂಕ್ತಿಯಲ್ಲಿ ನಗು ಎದ್ದಿತು. ಆ ಯಜಮಾನರು ನಗಲಿಲ್ಲ. ತಾಳವ್ವ ಎಂದು ಅಡುಗೆಯವರ ಹತ್ತಿರ ವಾಪಸು ಹೋಗಿ ವಿಚಾರಿಸಿಕೊಂಡು ಬಂದು, ಪಲ್ಯದಲ್ಲಿ ಇಲ್ಲ, ಕೋಸಂಬರಿಯಲ್ಲಿ ಐತೆ ಅಂದರು. ಗಂಗಿ ಎದ್ದುನಿಂತು ಅವರಿಗೆ ಶರಣು ಅಂದಳು. ಕೋಸಂಬರಿ ಬಿಟ್ಟು ಉಳಿದದ್ದನ್ನು ಹೊಟ್ಟೆ ತುಂಬ ಉಂಡಳು. ಎದುರು ಸಾಲಿನಲ್ಲಿ ಕೂತಿದ್ದ ಗುರುಶಾಂತಮ್ಮನಿಗೆ ಹೋಳಿಗೆ ಗಂಟಲಲ್ಲಿ ಬಿಸಿತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ತಾನು ಸಾಕಿದ ಮಗು ಊರವರ ಕೈಯದನ್ನೆಲ್ಲ ಉಣ್ಣುತ್ತಿದೆ. ಇನ್ನು ತನ್ನದೇನು ಉಳಿಯಿತು?

ಆ ಜೂನ್‌ನಲ್ಲಿ ಗಂಗಿಯನ್ನು ಸ್ಕೂಲಿಗೆ ಸೇರಿಸಿದರು. ತವರಿಗೆ ಹೋಗಿದ್ದ ವಿಶಾಲಾಕ್ಷಮ್ಮ ಬರುವಾಗ ರೈಲಿನಲ್ಲಿ ಒಂದು ಸಣ್ಣ ಕಲ್ಲೊರಳು ತಂದಳು. ತವರಿನಿಂದ ಸೀರೆ ತರುವವರನ್ನು ಅಜ್ಜಂಪುರ ಕಂಡಿತ್ತು, ಕಲ್ಲು ತಂದವಳನ್ನು ಕಂಡಿರಲಿಲ್ಲ. ಮನೆಯ ಹಳೆ ಒರಳಿನಲ್ಲಿ ಅಜ್ಜಿಯ ಕಾಲದಿಂದ ಕಡ್ಲೆಕಾಯಿ ಕುಟ್ಟಿದ್ದಾರೆ, ಮಗುವಿನ ಬುತ್ತಿಯ ಚಟ್ನಿಪುಡಿ ಇನ್ನು ಮುಂದೆ ಇದರಲ್ಲೇ ಆಗಲಿ ಅತ್ತಿಗೆಮ್ಮ ಎಂದಳು. ಗುರುಶಾಂತಮ್ಮ ಆ ಹಳೆ ಒರಳನ್ನು ಮಗುವಿನ ಸಲುವಾಗಿ ದಿನಾ ಸೀಗೆಪುಡಿ ಹಾಕಿ ಉಜ್ಜುತ್ತಿದ್ದವಳು. ಅವಳ ಕಿವಿಗೆ ಬಿದ್ದದ್ದು ಒಂದೇ ಮಾತು, ನಿನ್ನ ಕೈ ಸಾಲದು. ಹಳೆಯದರಲ್ಲೇ ಕುಟ್ಟಿದರೆ ಮಗುವಿನ ಚಿಂತೆಯೇ ಇಲ್ಲ ಅನ್ನುತ್ತಾರೆ, ಹೊಸದನ್ನು ಮುಟ್ಟಿದರೆ ಸೋತಂತಾಗುತ್ತದೆ. ಮಾರನೆಯ ಬೆಳಿಗ್ಗೆ ಹುರಿದ ಹುಚ್ಚೆಳ್ಳು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಮೊರಕ್ಕೆ ಹಾಕಿಕೊಂಡು ಜಯದೇವಪ್ಪನವರ ಹಿತ್ತಲಿಗೆ ಹೋದಳು. ಅವರ ಒರಳಿನಲ್ಲಿ ಬೇಕೆಂದೇ ಬೀದಿಗೆ ಕೇಳಿಸುವಂತೆ ಕುಟ್ಟಿದಳು.

ಬಂದವಳೇ, ಇವತ್ತು ಮಗುವಿಗೆ ನಾನು ಉಣ್ಣಿಸುತ್ತೇನೆ, ಯಾರೂ ಅಡ್ಡ ಬರಕೂಡದು ಅಂದಳು. ಯಾರೂ ಬರಲಿಲ್ಲ. ಗಂಗಿ ಚೀಲ ಹೆಗಲಿಗೆ ಹಾಕಿಕೊಂಡು ಮಣೆಯ ಮೇಲೆ ಕೂತಳು. ಗುರುಶಾಂತಮ್ಮ ಬಿಸಿ ರಾಗಿರೊಟ್ಟಿ ಮುರಿದು, ಬೆಣ್ಣೆ ಸವರಿ, ಪುಡಿಯಲ್ಲಿ ಅದ್ದಿ ತುತ್ತು ಎತ್ತಿದಳು. ಎಷ್ಟು ದಿನವಾಗಿತ್ತು! ಕೈ ಮಗುವಿನ ಬಾಯಿಯ ಹತ್ತಿರ ಹೋಯಿತು. ಮಗು ಬಾಯಿ ತೆರೆಯಲಿಲ್ಲ.

“ಇದ್ರಲ್ಲಿ ಕಡ್ಲೆಕಾಯಿ ಐತಾ ಅತ್ತೆ?”

ಗುರುಶಾಂತಮ್ಮನ ನೆತ್ತಿಗೆ ರಕ್ತ ಏರಿತು. ನನ್ನನ್ನ? ಹಾಲು ಕುಡಿಸಿದ ನನ್ನನ್ನ? ಬಕೆಟ್ಟು ಹಿಡಿದ ಯಾವನೋ ಗಡ್ಡದವನೂ ನಾನೂ ಒಂದೇನಾ? ಇಲ್ಲ ಕಣೇ ಎಂದು ಗದರಲು ಬಾಯಿ ತೆರೆದಳು. ಆ ಗಳಿಗೆಯಲ್ಲಿ ಜಯದೇವಪ್ಪನವರ ಒರಳು ಕಣ್ಣಮುಂದೆ ಬಂತು. ಅದರ ಅಂಚಿನಲ್ಲಿ ತೆಳ್ಳನೆಯ ಕೆಂಪು ಸಿಪ್ಪೆ ಅಂಟಿತ್ತು. ಅವಳು ಅದನ್ನು ಕಂಡಿದ್ದಳು. ಸಿಟ್ಟಿನ ಭರದಲ್ಲಿ ಸೆರಗಿನಿಂದ ಒಂದು ಸಲ ಒರೆಸಿ ಕುಟ್ಟತೊಡಗಿದ್ದಳು.

ಒರೆಸಿದ್ದೆನಲ್ಲ, ಏನೂ ಆಗಲಿಕ್ಕಿಲ್ಲ ಎಂದು ಮನಸ್ಸು ಹೇಳಿತು. ಇಲ್ಲ ಅಂದರೆ ಮಗು ನಂಬುತ್ತದೆ, ಬಾಯಿ ತೆರೆಯುತ್ತದೆ. ಐತೆ ಅಂದರೆ ಇಷ್ಟು ವರ್ಷದ ಅವಳ ಮಾತು, ಅವಳ ಕೈ, ಅವಳ ಹಕ್ಕು ಎಲ್ಲ ಮಣ್ಣುಪಾಲು. ಅದೂ ನಡುಮನೆ ಬಾಗಿಲಲ್ಲಿ ನಿಂತ ವಿಶಾಲಾಕ್ಷಮ್ಮನ ಮುಂದೆ. ಮಗು ಅವಳ ಮುಖವನ್ನೇ ನೋಡುತ್ತ ಕಾಯುತ್ತಿತ್ತು. ಆ ಕಣ್ಣಲ್ಲಿ ಹೆದರಿಕೆ ಇರಲಿಲ್ಲ, ಅನುಮಾನವೂ ಇರಲಿಲ್ಲ. ಕೇಳಬೇಕಾದ್ದನ್ನು ಕೇಳಿತ್ತು, ಅಷ್ಟೇ.

“ಐತೆ ಕಣವ್ವ,” ಅಂದಳು ಗುರುಶಾಂತಮ್ಮ. “ತಿನ್ಬೇಡ.”

ಗಂಗಿ ತಟ್ಟೆಗೆ ಕೈ ಅಡ್ಡ ಹಿಡಿದಳು. ನನಗೆ ಒಗ್ಗಲ್ಲ ಅಂದಳು. ಆಮೇಲೆ ಮಣೆಯಿಂದ ಎದ್ದು, ಎರಡೂ ಪುಟ್ಟ ಕೈ ಜೋಡಿಸಿ, “ಶರಣು ಅತ್ತೆ” ಅಂದಳು.

ಗುರುಶಾಂತಮ್ಮ ತುತ್ತು ಹಿಡಿದ ಕೈಯನ್ನು ಕೆಳಗಿಳಿಸಿದಳು. ಆರು ವರ್ಷದಲ್ಲಿ ಉಣ್ಣಿಸಿದ ಸಾವಿರಾರು ತುತ್ತಿಗೆ ಯಾರೂ ಅವಳಿಗೆ ಕೈ ಮುಗಿದಿರಲಿಲ್ಲ, ಉಣ್ಣಿಸದೆ ಬಿಟ್ಟ ಒಂದು ತುತ್ತಿಗೆ ಮುಗಿದರು. ವಿಶಾಲಾಕ್ಷಮ್ಮ ಹೋಗಿ ಒಲೆಗೆ ಸೌದೆ ಹಾಕಿದಳು. ಒಂದು ಮಾತು ಆಡಿದ್ದರೆ ಆ ಮನೆಯಲ್ಲಿ ಇನ್ನೂ ಹತ್ತು ವರ್ಷ ಜಗಳ ನಡೆಯುತ್ತಿತ್ತೋ ಏನೋ.

ಗುರುಶಾಂತಮ್ಮ ಆ ಪುಡಿಯನ್ನು ತಿಪ್ಪೆಗೆ ಸುರಿದು, ಮೂರು ಸಲ ಸೋಪು ಹಚ್ಚಿ ಕೈ ತೊಳೆದು, ಸೀರೆ ಬದಲಾಯಿಸಿ ಬಂದಳು. ಹೊಸದಾಗಿ ಹುಚ್ಚೆಳ್ಳು ಹುರಿದಳು. ಹಿತ್ತಲಿಗೆ ಹೋಗಿ ಕಡೂರಿನ ಕಲ್ಲಿನ ಮುಂದೆ ಮಂಡಿಯೂರಿ ಕೂತು ಕುಟ್ಟಿದಳು. ಹೊಟ್ಟೆಕಿಚ್ಚು ಆವತ್ತೇ ಆರಿಹೋಯಿತು ಅಂದರೆ ಸುಳ್ಳಾಗುತ್ತದೆ, ಕುಟ್ಟುತ್ತ ಕುಟ್ಟುತ್ತ ಕಲ್ಲು ಬಲು ನುಣುಪು, ಕೆಲಸಕ್ಕೆ ಬಾರದ್ದು ಎಂದು ಗೊಣಗಿದಳು. ಸ್ಕೂಲಿನ ಮೊದಲ ಗಂಟೆ ಹೊಡೆಯುವುದು ಕೇಳಿಸಿತು. ಅವಳು ಹೊಸ ರೊಟ್ಟಿಯ ತುತ್ತು ಹಿಡಿದು ಮಗುವಿನ ಮುಂದೆ ಕೂತಳು.

ಗಂಗಿ ಮತ್ತೆ ಕೇಳಿದಳು. ಗುರುಶಾಂತಮ್ಮ ಇಲ್ಲ ಅಂದಳು. ಮಗು ಬಾಯಿ ತೆರೆಯಿತು.