ದತ್ತೋಬಾ ಅಣ್ಣನ ಹಸಿರು ಗಾಡಿ

ನಡೆದು ಹೋಗುವಾಗಲೂ ತಿರುವು ಬಂದರೆ ಕೈ ಚಾಚಿ ತಿರುಗುತ್ತಿದ್ದ ಮನುಷ್ಯ ನಮ್ಮ ಓಣಿಯಲ್ಲಿ ಒಬ್ಬನೇ, ದತ್ತೋಬಾ ಅಣ್ಣ. ಹಾಲಿನ ಚರಿಗೆಯನ್ನು ಎಡಗೈಗೆ ಬದಲಿಸಿ, ಬಲಗೈ ಚಾಚಿಯೇ ಮನೆಯ ಕಡೆ ಹೊರಳುತ್ತಿದ್ದ. ಕಟ್ಟೆಯ ಮೇಲೆ ಬೀಡಿ ಕಟ್ಟುತ್ತ ಕೂತ ನಾನು, "ಹಿಂದ ಯಾರ್ ಬರಾಕತ್ತಾರೋ ಅಣ್ಣಾ?" ಎಂದು ಕೆಣಕಿದರೆ, "ಎಮ್ಮಿ ಬರಾಕತ್ತಾವಲ್ಲ ಶಾಂತವ್ವಾ, ಅವಕ್ಕೂ ಗೊತ್ತಾಗಬೇಕಲ್ಲ" ಎನ್ನುತ್ತಿದ್ದ.

ನಿಪ್ಪಾಣಿಯ ತಂಬಾಕು ಹೇರಿಕೊಂಡು ಮೂವತ್ತು ವರ್ಷ ಲಾರಿ ಓಡಿಸಿದವನು. ಕೊರಳಲ್ಲಿ ತುಳಸಿ ಮಾಲೆ ಹಾಕಿದ ಮಾಳಕರಿ, ವಿಠೋಬನ ಭಕ್ತ. ಮಾಂಸ, ಸೆರೆ ಮುಟ್ಟಿದವನಲ್ಲ. ಒಮ್ಮೆ ಚಿಕ್ಕೋಡಿಯಲ್ಲಿ ಮಾಲಕ ಸೆರೆಯ ಪೆಟ್ಟಿಗೆ ಹೇರಿಸಲು ಬಂದಾಗ, "ಈ ಲೋಡ್ ನನ್ನ ಕೈಲೆ ಆಗೂದಿಲ್ರಿ" ಎಂದು ಕೀಲಿ ಅವನ ಕೈಗಿಟ್ಟು ನಿಪ್ಪಾಣಿಯವರೆಗೆ ನಡೆದೇ ಬಂದಿದ್ದ. ಮರುದಿನ ಮಾಲಕನೇ ಮನೆಗೆ ಬಂದು ಕೀಲಿ ಕೊಟ್ಟು ಹೋದ.

ಕೆಲಸ ಬಿಟ್ಟ ದಿನ ಆ ಮಾಲಕನ ಮಗ ಇಂಗ್ಲೆಂಡಿನಿಂದ ತಂದ ಅಂಗೈ ಉದ್ದದ ಆಟಿಕೆ ಗಾಡಿ ಕೊಟ್ಟ. ಪ್ಲಾಸ್ಟಿಕ್ಕಿನದಲ್ಲ, ಎರಕದ್ದು, ಕೈಗೆ ತೂಕ ಹತ್ತುತ್ತಿತ್ತು. ಹಳೆಯ ಕಾಲದ ಮೂತಿ, ಹಸಿರು ಬಣ್ಣ, ಕೆಂಪು ಗಾಲಿ, ಮಗ್ಗುಲಿಗೆ ಬಂಗಾರದ ಇಂಗ್ಲಿಷ್ ಅಕ್ಷರ, ಹಿಂದೆ ಸಾಲಾಗಿ ಪುಟ್ಟ ಪೀಪಾಯಿ. "ಬಿಳಿ ಮಂದಿ ಗಾಡಿ, ಆದ್ರ ಸ್ಟೇರಿಂಗ್ ನಮ್ಮಂಗ ಬಲಕ್ಕ ಐತಿ ನೋಡು. ಪೀಪಾಯಿದಾಗ ತುಪ್ಪ ಇರಬೇಕು. ಇಷ್ಟ ಚಂದ ಬರಸ್ಯಾರಂದ್ರ ಮತ್ತೇನ್ ಇರತೈತಿ?" ಎನ್ನುತ್ತಿದ್ದ. ಖಂಡೆ ನವಮಿಗೆ, ಆಯುಧಪೂಜೆಯ ದಿನ, ಎಲ್ಲರೂ ಬೈಕು, ಟ್ರ್ಯಾಕ್ಟರ್ ಪೂಜಿಸಿದರೆ, ಅವನು ಇದನ್ನು ವಿಠೋಬನ ಪಟದ ಮುಂದಿಟ್ಟು, ಕುಂಕುಮ ಹಚ್ಚಿ, ಗಾಲಿಗೆ ನಿಂಬೆಹಣ್ಣಿಟ್ಟು, ಓಣಿಗೆಲ್ಲ ಚುರಮುರಿ ಹಂಚುತ್ತಿದ್ದ.

ಎರಡು ವರ್ಷದ ಹಿಂದಿನ ಖಂಡೆ ನವಮಿ. ನನ್ನ ಮೊಮ್ಮಗಳು ಅಮೃತಾ ಆಗಷ್ಟೇ ಇಂಗ್ಲಿಷ್ ಓದಲು ಕಲಿತಿದ್ದಳು. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು; ನನ್ನ ಕೂಸು ಅಂಗಡಿಯ ಬೋರ್ಡು, ಬಿಸ್ಕೀಟಿನ ಪುಡಿಕೆ ಎಲ್ಲ ಪಟಪಟ ಓದುತ್ತದೆ! ಹಿಗ್ಗು ನನ್ನ ಸೆರಗಿನಲ್ಲಿ ಹಿಡಿಯುತ್ತಿರಲಿಲ್ಲ. ದತ್ತೋಬಾ ಅಣ್ಣನ ಮನೆಯಲ್ಲಿ ಮಂದಿ ತುಂಬಿದ್ದರು. "ಗಾಡಿ ಮ್ಯಾಲ ಏನ್ ಬರದೈತಿ, ನಮ್ಮ ಹುಡುಗಿ ಓದತಾಳ ಕೇಳ್ರಿ" ಎಂದು ಅವಳನ್ನು ಮುಂದೆ ತಳ್ಳಿದೆ. ಬಗ್ಗಿ ನೋಡಿದವಳು ತಿರುಗಿ ಬಂದು ನನ್ನ ಕಿವಿಯಲ್ಲಿ, "ಅಜ್ಜಿ, ಬ್ಯಾಡ. ಮನ್ಯಾಗ ಹೇಳ್ತೀನಿ" ಎಂದಳು. ಅವಳಿಗೆ ಓದಲು ಬರುವುದಿಲ್ಲ ಎಂದು ಮಂದಿ ತಿಳಿದುಬಿಟ್ಟರೆ?

"ಯಾಕ ಅಂಜತಿ ಬೇ? ಜೋರಾಗಿ ಓದು!"

"ಬಿಯರ್ ಅಂತ ಬರದೈತಿ" ಎಂದಳು, ನೆಲ ನೋಡುತ್ತ. "ಬಿಯರ್ ಮಾರೂ ಗಾಡಿ."

"ಮಾಳಕರಿ ದೇವ್ರ ಮುಂದ ಬಾರ್ ತಗದಾನೋ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕೂಸು ತಪ್ಪಿಲ್ಲದೆ ಓದಿತೆಂದು ನಕ್ಕದ್ದು. ಅಣ್ಣನಿಗೆ ಕಂಡದ್ದು ನಗು ಮಾತ್ರ.

ಅವನು ನಿಂಬೆಹಣ್ಣು ತೆಗೆದ. ಧೋತರದ ಚುಂಗಿನಿಂದ ಕುಂಕುಮ ಒರೆಸಿ, ಗಾಡಿಯನ್ನು ಅಮೃತಾಳ ಕೈಗಿಟ್ಟ. "ತಗೋ ನಮ್ಮವ್ವ. ಚಲೋ ಓದಿದಿ."

ಮರುದಿನ ಅವಳು ಬಂಗಾರದ ಅಕ್ಷರದ ಮೇಲೆ ಕಾಗದ ಅಂಟಿಸಿ, 'ತುಪ್ಪ' ಎಂದು ಬರೆದು ತಿರುಗಿ ಕೊಡಲು ಹೋದಳು. ಅವನು ತಲೆ ಸವರಿ, "ಲೋಡ್ ಏನಂತ ಗೊತ್ತಾತಲ್ಲವ್ವಾ, ಇನ್ನ ನನ್ನ ಕೈಲೆ ಆಗೂದಿಲ್ಲ" ಎಂದು ಕಳಿಸಿದ. ನಾನು ಹೋಗಲೇ ಇಲ್ಲ. ದಿನಾ ನಮ್ಮ ಕಟ್ಟೆಯ ಮುಂದೆಯೇ ಕೈ ಚಾಚಿ ಹೊರಳುತ್ತಿದ್ದ. ನಾನು ತಲೆ ತಗ್ಗಿಸಿ ಬೀಡಿಗೆ ದಾರ ಸುತ್ತುತ್ತಿದ್ದೆ. ಬೇಸಿಗೆಯಲ್ಲಿ ಅವನು ಅಥಣಿಯ ಮಗಳ ಮನೆಗೆ ಹೊರಟಾಗ, "ಶಾಂತವ್ವಾ, ಬರ್ತೀನಿ" ಎಂದು ತಾನೇ ಕೂಗಿದ. ಕೇಳದವಳಂತೆ ಕೂತೆ. ಅವನು ಅಲ್ಲೇ ತೀರಿಕೊಂಡ.

ಗಾಡಿ ಈಗ ನಮ್ಮ ಗೋಡೆಯ ಗೂಡಿನಲ್ಲಿದೆ, ಅಂಟಿಸಿದ ಕಾಗದದ ಸಮೇತ. ಈ ಸಲದ ಖಂಡೆ ನವಮಿಗೆ ಅಮೃತಾ ಅದರ ಗಾಲಿಗೆ ನಿಂಬೆಹಣ್ಣಿಟ್ಟಳು. ಮನೆಗೆ ಬಂದ ಬೀಗರು, "ಇದರಾಗ ಏನ್ ಹೇರ್ಯಾರ?" ಎಂದು ಕೇಳಿದರು. ಅಮೃತಾ ನನ್ನ ಮುಖ ನೋಡಿದಳು.

ಈ ಸಲ ನಾನೇ ಓದಿದೆ. "ತುಪ್ಪ ಐತ್ರಿ."