ಪಂಚನಾಮೆಯಲ್ಲಿಲ್ಲದ ಲಿಂಗ

ಜೈಲುಗಳಲ್ಲಿ ಸತ್ತವರ ಬಗ್ಗೆ ಸಂಸತ್ತಿನಲ್ಲಿ ಯಾರೋ ಸದಸ್ಯರು ಕೇಳಿದ ಪ್ರಶ್ನೆಗೆ ಹಂಸಭಾವಿಯ ಪರಮೇಶ್ವರಪ್ಪ ಒಂದೂವರೆ ಪುಟದ ಉತ್ತರ ಬರೆದ. ಮೂವತ್ತೊಂದು ವರ್ಷದ ವಾರ್ಡರ್ ನೌಕರಿಯಲ್ಲಿ ಅವನು ಬರೆದದ್ದೆಂದರೆ ಕೈದಿಯ ಹೆಸರು, ನಂಬರು, ಒಳಬಂದ ವೇಳೆ, ಹೊರಹೋದ ವೇಳೆ. ಇಷ್ಟುದ್ದ ಬರೆದದ್ದು ಅದೊಂದೇ ಸಲ.

ಅವನು ಕೆಲಸಕ್ಕಿದ್ದದ್ದು ನಲವತ್ತು ಜನರಿಗೆಂದು ಕಟ್ಟಿದ ಒಂದು ಸಣ್ಣ ಜೈಲಿನಲ್ಲಿ. ಒಳಗಿದ್ದವರು ತೊಂಬತ್ತೇಳು. ವಾರ್ಡರ್ ಹುದ್ದೆಗಳು ಒಂಬತ್ತು, ಅವುಗಳಲ್ಲಿ ಭರ್ತಿಯಾದವು ನಾಲ್ಕು. ಹೆಚ್ಚಿನ ಪಾಳಿಗಳಲ್ಲಿ ಒಬ್ಬನೇ ಇರಬೇಕಾಗುತ್ತಿತ್ತು. ಒಬ್ಬನೇ ಇದ್ದಾಗ ಎಲ್ಲರನ್ನೂ ಎಣಿಸಿ ಮುಗಿಸಲು ಇಪ್ಪತ್ತೆರಡು ನಿಮಿಷ ಬೇಕೆಂದು ಪರಮೇಶ್ವರಪ್ಪನಿಗೆ ಗೊತ್ತಿತ್ತು.

ಹೊಲದ ಬದುವಿನ ಮೇಲಾದ ಒಂದು ಹೊಡೆದಾಟದ ಪ್ರಕರಣದಲ್ಲಿ ಅಬಲೂರಿನ ರುದ್ರೇಶ ಅಲ್ಲಿಗೆ ಬಂದ. ಇಪ್ಪತ್ನಾಲ್ಕು ವರ್ಷದವನು. ಒಳಗೆ ಬಿಡುವ ಮೊದಲು ಮೈ ತಪಾಸಣೆ ಮಾಡುವ ಝಡತಿಯಲ್ಲಿ ಬೆಲ್ಟು, ಉಡಿದಾರ, ಕೊರಳ ದಾರ ಎಲ್ಲವನ್ನೂ ತೆಗೆದಿಡಬೇಕು. ಕೈದಿ ಜೀವಕ್ಕೆ ಅಪಾಯ ಮಾಡಿಕೊಳ್ಳಬಾರದೆಂದು ಆ ನಿಯಮ. ರುದ್ರೇಶನ ಕೊರಳಲ್ಲಿದ್ದ ಇಷ್ಟಲಿಂಗವನ್ನು ಶಿವದಾರದ ಸಮೇತ ಬಿಚ್ಚಿಸಿ ತಾಯಿ ನಾಗವ್ವನ ಕೈಗೆ ಕೊಟ್ಟರು. ಲಿಂಗಪೂಜೆಯಾಗದೆ ಅವರ ಮನೆಯಲ್ಲಿ ಯಾರೂ ಬಾಯಿಗೆ ನೀರು ಹಾಕುವುದಿಲ್ಲ. ಹುಡುಗ ಮೂರು ದಿನ ಉಣ್ಣಲಿಲ್ಲ.

ನಾಲ್ಕನೆಯ ದಿನ ನಾಗವ್ವ ಗೇಟಿಗೆ ಬಂದು ಪರಮೇಶ್ವರಪ್ಪನ ಎದುರು ನಿಂತಳು.

"ಅಣ್ಣಾರ, ನಿಮ್ಮ ಕೊಳ್ಳಾಗೂ ಲಿಂಗೈತಿ. ಅದಿಲ್ದ ನಿಮಗ ತುತ್ತು ಇಳಿತೈತೇನ್ರಿ?"

ಇಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಲಿಂಗವನ್ನು ತೆಗೆದುಕೊಂಡ. ದಿನಾ ಬೆಳಿಗ್ಗೆ ಪೂಜೆಯ ಹೊತ್ತಿಗೆ ಕೊಡುವುದು, ಪೂಜೆಯಾದ ಮೇಲೆ ವಾಪಸ್ ಪಡೆಯುವುದು ಎಂದು ತನ್ನಷ್ಟಕ್ಕೆ ಗೊತ್ತುಮಾಡಿಕೊಂಡ. ದಾಖಲೆ ಮಾಡುವ ಹಾಗಿರಲಿಲ್ಲ, ಮಾಡಲಿಲ್ಲ. ಐದು ವಾರ ಹಾಗೆಯೇ ನಡೆಯಿತು. ಆರನೆಯ ವಾರ ಜೊತೆಯ ವಾರ್ಡರ್ ರಜೆ ಹಾಕಿದ. ಅವತ್ತು ಎಣಿಕೆಯ ನಡುವೆ ಲಿಂಗ ವಾಪಸ್ ಪಡೆಯುವುದು ತಪ್ಪಿತು. ಮರುದಿನವೂ ತಪ್ಪಿತು. ಏನೂ ಆಗಲಿಲ್ಲ. ಆಮೇಲೆ ಅವನು ಕೇಳುವುದನ್ನೇ ಬಿಟ್ಟ.

ರುದ್ರೇಶನಿಗೆ ಜಾಮೀನು ಮಂಜೂರಾಗಿತ್ತು. ಆದರೆ ಜಾಮೀನಿಗೆ ನಿಲ್ಲುವವರ ಹೆಸರಿನಲ್ಲಿ ಹೊಲದ ಉತಾರ, ಅಂದರೆ ಪಹಣಿ, ಬೇಕು. ಅವರ ಮನೆಯ ಉತಾರ ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇತ್ತು. ಹಿರಿಯರ ಹೆಸರು ತೆಗೆಸಲು ಅಣ್ಣತಮ್ಮಂದಿರಲ್ಲಿ ಯಾರೂ ಮುಂದಾಗಿರಲಿಲ್ಲ. ಇತ್ತ ವಿಚಾರಣೆಯ ದಿನ ಕರೆದೊಯ್ಯಲು ಬೆಂಗಾವಲಿನ ಪೊಲೀಸರು ಬರುತ್ತಿರಲಿಲ್ಲ, ತಾರೀಖು ಮುಂದಕ್ಕೆ ಹೋಗುತ್ತಿತ್ತು. ಹದಿನಾಲ್ಕು ತಿಂಗಳಲ್ಲಿ ಹನ್ನೆರಡು ಸಲ ಹೀಗಾಯಿತು. ಹನ್ನೆರಡನೆಯ ಸಲ ಹುಡುಗ ಬೆಳಿಗ್ಗೆಯೇ ಇಸ್ತ್ರಿಯ ಅಂಗಿ ಹಾಕಿಕೊಂಡು ಕಾಯುತ್ತ ಕುಳಿತಿದ್ದ. ಬೆಂಗಾವಲು ಇಲ್ಲವೆಂದು ಹೇಳಿದವನು ಪರಮೇಶ್ವರಪ್ಪನೇ.

ಅವತ್ತು ಮಧ್ಯಾಹ್ನದ ಎಣಿಕೆಗೆ ಒಬ್ಬ ಕಡಿಮೆ ಬಂದ. ರುದ್ರೇಶ ಶಿವದಾರದಿಂದ ಜೀವ ತೆಗೆದುಕೊಂಡಿದ್ದ.

ಬೇರೆಯವರು ಬರುವ ಮೊದಲು ಪರಮೇಶ್ವರಪ್ಪ ದಾರದಿಂದ ಲಿಂಗವನ್ನು ಬಿಡಿಸಿ ಕಿಸೆಯಲ್ಲಿ ಹಾಕಿಕೊಂಡ. ನೌಕರಿಯ ಭಯ ಒಂದು. ಲಿಂಗಕ್ಕೆ ಅರಗಿನ ಮುದ್ರೆ ಒತ್ತಿ ಕೋರ್ಟಿನ ಕಪಾಟಿನಲ್ಲಿ ಹಾಕುತ್ತಾರೆಂಬ ಸಂಕಟ ಇನ್ನೊಂದು. ಯಾವುದು ಹೆಚ್ಚಿತ್ತೆಂದು ಅವನಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಪಂಚನಾಮೆಯಲ್ಲಿ ಹೀಗೆ ಬರೆದರು: ಬಿಳಿ ನೂಲಿನ ದಾರ ಒಂದು, ಕೈದಿಯು ಬಚ್ಚಿಟ್ಟುಕೊಂಡಿದ್ದು.

ಅವರಲ್ಲಿ ಸತ್ತವರ ಅಂಗೈಯಲ್ಲಿ ಲಿಂಗವಿಟ್ಟು ಸಮಾಧಿ ಮಾಡುವುದು ಪದ್ಧತಿ. ರುದ್ರೇಶನನ್ನು ಬರಿಗೈಯಲ್ಲಿ ಮಣ್ಣು ಮಾಡಿದರು. ಹದಿಮೂರನೆಯ ದಿನ ನಾಗವ್ವ ಮತ್ತೆ ಗೇಟಿಗೆ ಬಂದಳು.

"ಲಿಂಗ ಎಲ್ಲೈತ್ರಿ ಅಣ್ಣಾರ?"

"ಕೋರ್ಟಿನ್ಯಾಗ ಐತಿ, ಯವ್ವಾ," ಎಂದ ಪರಮೇಶ್ವರಪ್ಪ.

"ಸಾವಿನ ವಿಚಾರಣಿಗೆ ಬಂದ ಸಾಹೇಬ್ರ ಮುಂದ ನಿಮ್ಮ ಹೆಸರು ಹೇಳಿಲ್ರಿ ನಾ. ನನ್ನ ಮಗ ಉಣ್ಣಂಗ ಮಾಡಿದೋರು ನೀವು. ಅದೊಂದ್ ಕೊಡಿಸ್ರಿ, ಸಾಕು."

ಅವಳು ಆ ಹೆಸರು ಹೇಳಿದ್ದರೆ ಮಗ ಬಚ್ಚಿಟ್ಟುಕೊಂಡಿದ್ದನೆಂಬ ಮಾತು ಅಲ್ಲಿಗೇ ಸುಳ್ಳಾಗುತ್ತಿತ್ತು. ಊರಲ್ಲಿ ಜನ, ಸಾಯಬೇಕೆಂದೇ ಹೋಗಿದ್ದ ಹುಡುಗ ಎಂದು ಆಡಿಕೊಳ್ಳುತ್ತಿದ್ದರು. ಅದನ್ನೂ ಅವಳು ಕೇಳಿಕೊಂಡು ಇದ್ದಳು. ಕಪ್ಪು ಬಟ್ಟೆಯಲ್ಲಿ ಸುತ್ತಿದ ಲಿಂಗ ಹಂಸಭಾವಿಯಲ್ಲಿ ಪರಮೇಶ್ವರಪ್ಪನ ಮನೆಯ ದೇವರ ಜಗಲಿಯ ಮೇಲಿತ್ತು. ಯಾರದೆಂದು ಹೆಂಡತಿ ನೀಲಾಂಬಿಕಾ ಒಮ್ಮೆ ಕೇಳಿದ್ದಳು. ಅವನು ಹೇಳಲಿಲ್ಲ, ಅವಳು ಎರಡನೆಯ ಸಲ ಕೇಳಲಿಲ್ಲ.

ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ ಆ ಪ್ರಶ್ನೆ ಬಂತು. ದಿಲ್ಲಿಯಿಂದ ಬೆಂಗಳೂರಿಗೆ, ಅಲ್ಲಿಂದ ಇಲ್ಲಿಗೆ. ಸಂಜೆ ನಾಲ್ಕರೊಳಗೆ ಉತ್ತರ ಹೋಗಬೇಕು.

"ದಿಲ್ಲಿಯವ್ರಿಗೆ ನಮ್ಮ ನೆನಪಾಗೇತಿ," ಎಂದ ಜೊತೆಯ ವಾರ್ಡರ್ ಶೇಖಸಾಬ. "ಇರೋರನ್ನ ಕೇಳಾರೋ, ಸತ್ತೋರನ್ನ ಕೇಳಾರೋ?"

"ಸತ್ತೋರನ್ನ."

"ಹಂಗಾರ ನಮಗ ಸಂಬಂಧಿಲ್ಲ ಬಿಡು. ನಾವಿನ್ನಾ ಅದೀವಿ."

ನಮೂನೆಯಲ್ಲಿ ಏಳು ಕಾಲಂ. ಕೊನೆಯದು ಹೀಗಿತ್ತು: ತಪ್ಪಿಸಬಹುದಾಗಿದ್ದ ಸಾವುಗಳು. ಗುಮಾಸ್ತರ ಹುದ್ದೆ ಖಾಲಿಯಿದ್ದುದರಿಂದ ಜೈಲರ್ ವಿಜಯೀಂದ್ರ ಅವರು ಅದನ್ನು ಪರಮೇಶ್ವರಪ್ಪನಿಗೆ ಕೊಟ್ಟರು. ಕಳೆದ ವರ್ಷದ ಉತ್ತರ ನೋಡಿ ಬರೆದರೆ ಸಾಕು ಎಂದರು. ಅವನು ಆರು ಕಾಲಂ ಹಾಗೆಯೇ ತುಂಬಿದ. ಏಳನೆಯದಕ್ಕೆ ಬೇರೆ ಹಾಳೆ ತೆಗೆದುಕೊಂಡ. ಲಿಂಗವನ್ನು ತಾನೇ ಒಳಗೆ ಕೊಟ್ಟದ್ದು, ವಾಪಸ್ ಪಡೆಯುವುದನ್ನು ಬಿಟ್ಟದ್ದು, ಹುದ್ದೆ ಎಷ್ಟು ಜನ ಎಷ್ಟು, ಹನ್ನೆರಡು ತಾರೀಖುಗಳು, ದಾರದಿಂದ ಲಿಂಗ ಬಿಡಿಸಿಕೊಂಡದ್ದು, ಹುಡುಗ ಏನನ್ನೂ ಬಚ್ಚಿಟ್ಟಿರಲಿಲ್ಲವೆಂಬುದು, ಎಲ್ಲ ಬರೆದ. ಕೆಳಗೆ ಸಹಿ ಮಾಡಿದ.

ವಿಜಯೀಂದ್ರ ಎರಡು ಸಲ ಓದಿದರು.

"ಇದು ಹೋದ್ರ ನಿಮ್ಮ ನೌಕರಿ ಹೋಗ್ತದ, ಪರಮೇಶ್ವರಪ್ಪ."

"ಗೊತ್ತೈತ್ರಿ."

"ರಿಟೈರ್ ಆಗ್ಲಿಕ್ಕೆ ಎಂಟು ತಿಂಗಳವ. ಇಷ್ಟು ದಿನ ಸುಮ್ಮನಿದ್ರಿ, ಈಗ್ಯಾಕ?"

"ಇಷ್ಟು ದಿನ ಹಿಂಗ ಯಾರೂ ಕೇಳಿರಲಿಲ್ರಿ, ಸಾಹೇಬ್ರ. ತಪ್ಪಸಬಹುದಿತ್ತೇನು ಅಂತ."

ವಿಜಯೀಂದ್ರ ಹಾಳೆಗಳನ್ನು ಒಂದೂ ಅಕ್ಷರ ತಿದ್ದದೆ ಕಳಿಸಿದರು. ಆಗ ಮೂರೂ ನಲವತ್ತು.

ಮರುದಿನ ಮೇಲಿನ ಕಚೇರಿಯಿಂದ ಫೋನು ಬಂತು. ಪರಮೇಶ್ವರಪ್ಪ ಎದ್ದು ನಿಂತ. ಕಚೇರಿಯವರು ಕೇಳಿದ್ದು ಇಷ್ಟೇ: ಏಳನೆಯ ಕಾಲಮಿನಲ್ಲಿ ಅಂಕಿ ಮಾತ್ರ ಹಾಕಬೇಕು, ಕಂಪ್ಯೂಟರ್ ಅಕ್ಷರ ತೆಗೆದುಕೊಳ್ಳುವುದಿಲ್ಲ. ವಿಜಯೀಂದ್ರ ಅವನ ಮುಖ ನೋಡಿದರು.

"ಒಂದು ಅಂತ ಹಾಕ್ರಿ," ಎಂದ ಅವನು.

ಅಮಾನತಿನ ಆದೇಶಕ್ಕಾಗಿ ಅವನು ಕಾದ. ನಾಲ್ಕನೆಯ ವಾರ ವಿಜಯೀಂದ್ರ ಸಂಸತ್ತಿನ ಉತ್ತರದ ಪ್ರತಿ ತಂದು ತೋರಿಸಿದರು. ಕಾರಾಗೃಹಗಳು ರಾಜ್ಯಗಳ ಹೊಣೆಯೆಂಬ ಒಂದು ವಾಕ್ಯ, ಕೆಳಗೆ ಒಂದು ಪಟ್ಟಿ. ಪಟ್ಟಿಯಲ್ಲಿ ರಾಜ್ಯಕ್ಕೊಂದು ಸಾಲು. ಏಳನೆಯ ಕಾಲಂ ಇರಲಿಲ್ಲ. ಆ ಮಾಹಿತಿ ಕೆಲವು ರಾಜ್ಯಗಳಿಂದ ಬಂದಿಲ್ಲವಾದ್ದರಿಂದ ಕೈಬಿಡಲಾಗಿದೆ ಎಂದು ಸಣ್ಣ ಅಕ್ಷರದಲ್ಲಿತ್ತು. ಅವನು ಬರೆದ ಒಂದೂವರೆ ಪುಟವನ್ನು ಮೇಲಿನವರು ಯಾರೂ ಓದಿರಲಿಲ್ಲ. ಆದ್ದರಿಂದ ಅವನಿಗೆ ಶಿಕ್ಷೆಯೂ ಆಗಲಿಲ್ಲ.

ಪಂಚನಾಮೆ ತಿದ್ದಿಸಬಹುದೇ ಎಂದು ಒಬ್ಬ ವಕೀಲರನ್ನು ಕೇಳಿದ. ಸಾವಿನ ವಿಚಾರಣೆಯ ಕಡತ ಮುಚ್ಚಿದೆ, ಮತ್ತೆ ತೆಗೆಸುವುದು ಕಷ್ಟ, ವರ್ಷಗಳೇ ಬೇಕಾಗಬಹುದು ಎಂದರು. ಆ ಭಾನುವಾರ ಅವನು ಲಿಂಗವನ್ನು ತೆಗೆದುಕೊಂಡು ಅಬಲೂರಿಗೆ ಹೋದ.

ನಾಗವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಅವನು ಬಟ್ಟೆ ಬಿಚ್ಚಿ ಲಿಂಗವನ್ನು ಅವಳ ಅಂಗೈಯಲ್ಲಿಟ್ಟ.

"ಕೋರ್ಟಿನವ್ರು ಕೊಟ್ರೇನ್ರಿ?"

"ಕೋರ್ಟಿನ್ಯಾಗ ಇರಲಿಲ್ಲ, ಯವ್ವಾ. ನನ್ನ ಮನ್ಯಾಗಿತ್ತು. ಅವತ್ತ ನಾನ ಬಿಡಿಸಿಕೊಂಡಿದ್ದೆ."

ಅವಳು ಕೂಗಾಡಲಿಲ್ಲ. ಅಂಗೈಯಲ್ಲಿದ್ದ ಲಿಂಗವನ್ನು ಸೆರಗಿನಿಂದ ಒರೆಸಿದಳು.

"ಹಂಗಾರ ಅವನ್ನ ಮಣ್ಣಿಗಿಡೂ ದಿನ ಇದು ನಿಮ್ಮ ಕಿಸೇದಾಗಿತ್ತು."

"ಹೌದ್ರಿ."

"ಏಳು ತಿಂಗಳಾತು. ಈಗ ತಂದೀರಿ. ಯಾವ ಕೈಯಾಗಿಡ್ಲಿ ಅಣ್ಣಾರ? ಆ ಕೈ ಈಗ ಎಲ್ಲೈತಿ?"

ಅವನು ಲಿಂಗ ಸುತ್ತಿದ್ದ ಕಪ್ಪು ಬಟ್ಟೆಯನ್ನು ಮಡಿಸಿದ.

"ಬಚ್ಚಿಟ್ಟಿದ್ದ ಅಂತ ಬರದಾರಲ್ಲ, ಅದು?"

"ಖರೇ ಏನೈತಿ ಅದನ್ನ ದಿಲ್ಲಿಗೆ ಬರದೆ, ಯವ್ವಾ. ಓದಲಿಲ್ಲ. ಅದು ಹಂಗ ಐತಿ."

"ಅಂದ್ರ ಕಾಗದದಾಗ ಈ ಲಿಂಗ ಇಲ್ಲ."

"ಇಲ್ರಿ."

ನಾಗವ್ವ ಲಿಂಗವನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೈಯುತ್ತಾಳೇನೋ, ಹೋಗು ಎನ್ನುತ್ತಾಳೇನೋ ಎಂದು ಪರಮೇಶ್ವರಪ್ಪ ಅಂಗಳದಲ್ಲೇ ನಿಂತ. ಮಧ್ಯಾಹ್ನದ ಬಸ್ಸು ಬಂದು ಹೋಯಿತು. ಬಾಗಿಲು ಹಾಕಿಯೇ ಇತ್ತು.