ಕೇಳಿಸಿಕೊಳ್ಳಲು ಒಬ್ಬರು ಬೇಕು

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಮನೆಯ ಹಿರಿಯರು ಕೂತು ಒಂದು ತೀರ್ಮಾನ ಮಾಡಿದರು. ಹೊಡೆಯುವ ಅಪ್ಪ ಬೈಲಹೊಂಗಲದ ಮನೆಯಲ್ಲೇ ಇರಬೇಕು, ಹೊಡೆಸಿಕೊಳ್ಳುವ ನಾನು ಮುರಗೋಡಕ್ಕೆ, ಅವ್ವನ ತವರಿಗೆ ಹೋಗಬೇಕು. ಇದನ್ನು ಅವರು ಹೀಗೆ ಹೇಳಲಿಲ್ಲ. "ಹುಡುಗಿಗೆ ಒಂದೀಟು ಹವಾ ಬದಲಾಗ್ಲಿ" ಎಂದರು.

ಅಪ್ಪನದು ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ. ಗಿರಾಕಿ ಬಂದರೆ ತಾನೇ ಎದ್ದು ಕುರ್ಚಿ ಕೊಡುವ ಮನುಷ್ಯ. ಕುಡಿತ ಇರಲಿಲ್ಲ, ಇಸ್ಪೀಟು ಇರಲಿಲ್ಲ. ಹಾಗಾಗಿ ಆತನ ಸಿಟ್ಟಿಗೆ ಕಾರಣ ಹುಡುಕುವುದು ಜನರಿಗೆ ಕಷ್ಟವಾಗುತ್ತಿತ್ತು. ಹುಡುಕಿ ಹುಡುಕಿ ಕಡೆಗೆ ನನ್ನಲ್ಲೇ ಕಂಡುಕೊಂಡರು. ನಾನು ಎದುರು ಮಾತಾಡುವವಳು, ಗಣಿತದಲ್ಲಿ ಹಿಂದೆ, ನಕ್ಕರೆ ಬೀದಿಗೆ ಕೇಳುವಂತೆ ನಗುವವಳು. ಅಪ್ಪ ನಡುಮನೆಯ ಕದ ಹಾಕಿ ಬೆಲ್ಟು ಬಿಚ್ಚುತ್ತಿದ್ದ. ಹೊಡೆದು ದಣಿದ ಮೇಲೆ ಕಾಳಿನ ಕೋಣೆಯಲ್ಲಿ ಕೂಡಿಹಾಕುತ್ತಿದ್ದ. ಅಷ್ಟು ಹೊತ್ತೂ ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

ವಿಷಯ ಹೊರಬಿದ್ದದ್ದು ಶಾಲೆಯಲ್ಲಿ. ಯಾರಾದರೂ ಮೇಜಿಗೆ ಡಸ್ಟರ್ ಕುಟ್ಟಿದರೆ ಸಾಕು, ಕೂತಲ್ಲೇ ನನಗೆ ಮೂತ್ರ ಹೋಗಿಬಿಡುತ್ತಿತ್ತು. ಒಮ್ಮೆ ವಿಜ್ಞಾನದ ಟೀಚರು ಬಟ್ಟೆ ಬದಲಿಸಲು ಕರೆದುಕೊಂಡು ಹೋದಾಗ ತೊಡೆಯ ಮೇಲಿನ ಬಾಸುಂಡೆಗಳನ್ನು ನೋಡಿದರು. ಅವರು ಸುಮ್ಮನಿರಲಿಲ್ಲ, ಮಕ್ಕಳ ರಕ್ಷಣೆಯವರಿಗೆ ತಿಳಿಸಿದರು. ಆ ಅಧಿಕಾರಿಗಳು ಮನೆಗೆ ಬಂದಾಗ ಅಪ್ಪ ಕೈ ಮುಗಿದು ಗಳಗಳನೆ ಅತ್ತ. "ಮಗಳು ಚಲೋ ಆಗ್ಲಿ ಅಂತ ಹೊಡದೇನ್ರಿ, ಇನ್ನ ಕೈ ಮಾಡೂದಿಲ್ಲ" ಎಂದ. ಬಂದವರ ಮುಖ ಮೆತ್ತಗಾಯಿತು. ಅಷ್ಟು ಚೆಂದ ಅಳಲು ನನಗೆ ಯಾವತ್ತೂ ಬರಲಿಲ್ಲ. ನಾನು ಬಾಯಿ ಬಿಗಿದು ನಿಂತಿದ್ದೆ. ನೋಡಿದವರು ಹಟಮಾರಿ ಎಂದುಕೊಂಡಿರಬೇಕು.

ಇದಾದ ಮೇಲೆಯೇ ನನ್ನನ್ನು ಮುರಗೋಡಕ್ಕೆ ಕಳಿಸಿದ್ದು. ಅಧಿಕಾರಿಗಳು ಹೇಳಿದ್ದರಿಂದ ಅಲ್ಲಿಂದ ವಾರಕ್ಕೊಮ್ಮೆ ಆಯಿ, ಅಂದರೆ ಅವ್ವನ ಅವ್ವ, ನನ್ನನ್ನು ಬಸ್ಸಿನಲ್ಲಿ ಬೈಲಹೊಂಗಲದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ಅಲ್ಲಿಗೆ ಮಕ್ಕಳ ಮನಸ್ಸಿನ ಚಿಕಿತ್ಸೆ ಮಾಡುವ ಒಬ್ಬ ಮೇಡಂ ಬರುತ್ತಿದ್ದರು. ನೆಂಟರು ಯಾರಾದರೂ ಬಸ್ಸಿನಲ್ಲಿ ಸಿಕ್ಕರೆ ಆಯಿ "ಹಲ್ಲು ತೋರಸಾಕ" ಎನ್ನುತ್ತಿದ್ದಳು. ಅಪ್ಪನಿಗೆ ಮಾತ್ರ ಯಾವ ಆಸ್ಪತ್ರೆಯೂ ಇರಲಿಲ್ಲ, ಯಾವ ಸುಳ್ಳೂ ಬೇಕಿರಲಿಲ್ಲ.

ಮೇಡಂ ಮೊದಮೊದಲು ನಡೆದದ್ದರ ಬಗ್ಗೆ ಕೇಳಲೇ ಇಲ್ಲ. ಉಸಿರನ್ನು ನಿಧಾನವಾಗಿ ಬಿಡುವುದನ್ನು ಕಲಿಸಿದರು. ಹೆದರಿಕೆ ಬಂದಾಗ ಅದು ಮೈಯಲ್ಲಿ ಎಲ್ಲಿ ಕೂರುತ್ತದೆ ಎಂದು ನೋಡಿಕೊಳ್ಳಲು ಹೇಳಿದರು. ಎಲ್ಲರಿಗೂ ಅದು ಎದೆಯಲ್ಲಿರುತ್ತದೆ ಎಂದುಕೊಂಡಿದ್ದೆ. ನನ್ನದು ಮೀನಖಂಡದಲ್ಲಿತ್ತು, ಸದಾ ಓಡಲು ತಯಾರಾಗಿ. ಎಷ್ಟೋ ವಾರಗಳ ಮೇಲೆ ನಡೆದದ್ದನ್ನು ಹೇಳಿಸತೊಡಗಿದರು. ಒಮ್ಮೆ ಹೇಳಿದ್ದನ್ನೇ ಮತ್ತೊಮ್ಮೆ, ಬಿಟ್ಟದ್ದನ್ನು ಸೇರಿಸಿ. ಮೊದಲು ಹೇಳುವಾಗ ಅರ್ಧಕ್ಕೇ ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ಬರಬರುತ್ತಾ ಅದು ನಡೆದುಹೋದ ಸಂಗತಿಯಾಯಿತು, ಈಗ ನಡೆಯುತ್ತಿರುವುದಲ್ಲ.

ಒಂದು ದಿನ ಮೇಡಂ ಹೇಳಿದರು: "ಇದನ್ನ ನಿನಗ ಬೇಕಾದ ದೊಡ್ಡವರೊಬ್ಬರು ಕೂತು ಕೇಳಬೇಕು. ಕೇಳಿ, ತಪ್ಪು ನಿಂದಲ್ಲ ಅನಬೇಕು. ನಾನೂ ಅಂದೇನಿ ಖರೆ, ಆದರ ನಾ ಹೊರಗಿನಾಕಿ."

ನಾನು ಅವ್ವನ ಹೆಸರು ಹೇಳಿದೆ. ಬೇರೆ ಯಾರ ಹೆಸರೂ ತಲೆಗೆ ಬರಲಿಲ್ಲ.

ಮೇಡಂ ಅವ್ವನನ್ನು ಮೊದಲೇ ಕರೆಸಿ, ಹೇಗೆ ಕೇಳಬೇಕು ಎಂದು ತಿಳಿಸಿ ಹೇಳಿದ್ದರಂತೆ. ಆ ದಿನ ಅವ್ವ ಒಳ್ಳೆಯ ಇಳಕಲ್ ಸೀರೆ ಉಟ್ಟು ಬಂದಳು. ನಾನು ಹೇಳಿದೆ. ಕದ ಹಾಕುವುದರಿಂದ ಶುರು ಮಾಡಿ ಕಾಳಿನ ಕೋಣೆಯ ಕತ್ತಲೆಯ ತನಕ, ಎಲ್ಲೂ ನಿಲ್ಲದೆ ಹೇಳಿದೆ. ಅವ್ವ ಸೆರಗಿನ ತುದಿ ನೋಡುತ್ತಾ ಕೇಳಿದಳು. ಆಮೇಲೆ ನನ್ನ ಕಡೆ ತಿರುಗದೆ ಮೇಡಂಗೆ ಹೇಳಿದಳು: "ಹುಡುಗಿ ಒಂದಕ್ಕ ಎರಡ ಹೇಳತಾಳ್ರಿ. ಅವರಪ್ಪನ ಕೈ ಸ್ವಲ್ಪ ಜೋರ, ಅಷ್ಟ."

"ನೀವು ಮನ್ಯಾಗ ಇರತಿರ್ಲಿಲ್ಲೇನ್ರಿ?" ಎಂದು ಮೇಡಂ ಕೇಳಿದರು.

"ನಾ ಅಡಗಿಮನ್ಯಾಗ ಇರತಿದ್ದೆ."

ಬಸ್ ಸ್ಟ್ಯಾಂಡಿನಲ್ಲಿ ಅವ್ವ ನನಗೆ ಒಂದು ಡಬ್ಬಿ ಶೇಂಗಾ ಹೋಳಿಗೆ ಕೊಟ್ಟು, "ಇದನ್ನೆಲ್ಲ ಹೊರಗ ಹೇಳಿಕೋತ ಹೋದ್ರ ನಾಳೆ ನಿನ್ನ ಯಾರ ಲಗ್ನಾ ಮಾಡಿಕೋತಾರ?" ಎಂದಳು. ಮುರಗೋಡ ಬರುವಷ್ಟರಲ್ಲಿ ಅಷ್ಟೂ ಹೋಳಿಗೆ ತಿಂದೆ. ಚೆನ್ನಾಗಿದ್ದವು. ಅದಕ್ಕೂ ಸಿಟ್ಟು ಬಂತು.

ಮುಂದೆ ಕೆಲವು ವಾರ ಆಸ್ಪತ್ರೆಗೆ ಹೋಗಲಿಲ್ಲ. ಮೇಡಂ ಆಯಿಯ ಫೋನಿಗೆ ಕರೆ ಮಾಡಿದರು. "ಅವ್ವನ ಆಗಬೇಕಂತೇನಿಲ್ಲ. ನಿನ್ನ ಬಲ್ಲವರು ಯಾರರ ಸಾಕು."

ಆಗ ನೆನಪಾದವಳು, ನಾವೆಲ್ಲ ಚಾಚಿ ಎಂದು ಕರೆಯುತ್ತಿದ್ದ ಮುಸ್ಲಿಂ ಹೆಂಗಸು. ನಮ್ಮ ಮನೆಗೆ ಹತ್ತಿದ ಖೋಲಿಯಲ್ಲಿ ಬಾಡಿಗೆಗಿದ್ದು ಕುಪ್ಪಸ ಹೊಲಿಯುತ್ತಿದ್ದಳು. ಚಿಕ್ಕವಳಿದ್ದಾಗ ಅವಳ ಬಟ್ಟೆಯ ಚೂರುಗಳಲ್ಲಿ ಆಡಿದವಳು ನಾನು. ಹೋಗಿ ಕೇಳಿದೆ. ಚಾಚಿ ಹೊಲಿಗೆ ಮಶೀನ್ ನಿಲ್ಲಿಸಿ, "ಬರತೇನಿ" ಎಂದಳು.

ಬಂದಳು. ನಾನು ಮತ್ತೆ ಮೊದಲಿನಿಂದ ಹೇಳಿದೆ. ಅರ್ಧಕ್ಕೇ ಚಾಚಿ ನನ್ನ ಕೈ ಹಿಡಿದುಕೊಂಡಳು. ಮುಗಿದ ಮೇಲೆ ಹೇಳಿದಳು: "ತಪ್ಪು ನಿಂದಲ್ಲ ಬೇಟಾ. ನನಗೆಲ್ಲಾ ಗೊತ್ತೈತಿ. ನಡುವ ಒಂದ ಗೋಡಿ, ಎಲ್ಲಾ ಕೇಳಸ್ತಿತ್ತು. ಕೇಳಲಾರದಕ್ಕ ಮಶೀನ್ ಜೋರಾಗಿ ತುಳೀತಿದ್ದೆ. ನಿಮ್ಮಪ್ಪ ಮನೀ ಮಾಲಕ. ಬಿಡಸಾಕ ಬಂದ್ರ ಖೋಲಿ ಬಿಡಸ್ತಾನ ಅಂತ ಅಂಜಿದ್ದೆ."

ನನಗೆ ಬೇಕಾಗಿದ್ದ ಮಾತು ಸಿಕ್ಕಿತ್ತು. ಅದರ ಬೆನ್ನಿಗೇ ಈ ಮಾತೂ ಬಂದಿತ್ತು. ಆವರೆಗೆ ನಾನು, ಯಾರಿಗೂ ಗೊತ್ತಿಲ್ಲ, ಗೊತ್ತಿದ್ದರೆ ಓಡಿ ಬರುತ್ತಿದ್ದರು ಎಂದುಕೊಂಡಿದ್ದೆ. ನಾನು ಹೊಡೆಸಿಕೊಳ್ಳುವ ಹೊತ್ತಿನಲ್ಲಿ ಚಾಚಿ ಹೊಲಿದ ಕುಪ್ಪಸ ತೊಟ್ಟ ಹೆಂಗಸರು ಊರ ತುಂಬ ಇದ್ದರು. ಚಾಚಿ ಅಳುತ್ತಿದ್ದಳು. ನಾನು ಕೈ ಬಿಡಿಸಿಕೊಂಡೆ.

ಅವಳು ಹೋದ ಮೇಲೆ ಮೇಡಂಗೆ ಹೇಳಿದೆ: "ನನಗ ಸಮಾಧಾನ ಆಗಿಲ್ರಿ. ಸಿಟ್ಟು ಬಂದೈತಿ. ಎಲ್ಲಾರ ಮ್ಯಾಲೂ."

"ಬರ್ಲಿ," ಎಂದರು ಮೇಡಂ. "ಇಷ್ಟ ದಿನ ಅದು ನಿನ್ನೊಬ್ಬಾಕಿ ಮ್ಯಾಲ ಬರತಿತ್ತು."

ಚಿಕಿತ್ಸೆ ಫಲ ಕೊಡಲಿಲ್ಲ ಎಂದು ನಾನು ಹೇಳಲಾರೆ. ಕೊಟ್ಟಿತು. ಜೋರು ಸದ್ದಿಗೆ ಬೆಚ್ಚುವುದು ನಿಂತಿತು, ನಿದ್ದೆ ಬಂತು, ಓದು ತಲೆಗೆ ಹತ್ತಿತು. ಈಗ ಯರಗಟ್ಟಿಯಲ್ಲಿ ಶಾಲೆಯೊಂದರಲ್ಲಿ ಕಲಿಸುತ್ತೇನೆ. ಆದರೆ ಮೇಡಂ ವಾಸಿ ಮಾಡಿದ್ದು ನನ್ನೊಬ್ಬಳನ್ನು. ಆ ಮನೆಗೆ ಯಾರೂ ಔಷಧ ಬರೆದುಕೊಡಲಿಲ್ಲ.

ಕಳೆದ ದೀಪಾವಳಿಗೆ ಬೈಲಹೊಂಗಲಕ್ಕೆ ಹೋಗಿದ್ದೆ. ಕಟಕೋಳದಿಂದ ನೆಂಟರು ಬಂದಿದ್ದರು. ನನ್ನ ನೌಕರಿಯ ಮಾತು ಬಂದಾಗ ಅಪ್ಪ ನಗುತ್ತಾ, "ಅವಾಗ ನಾಕ ಏಟ ಬಿದ್ದಾವು, ಅದಕ್ಕ ಇವತ್ತ ಟೀಚರ್ ಆಗಿ ಕುಂತಾಳ" ಎಂದ. ಎಲ್ಲರೂ ಹೌದೌದು ಎಂದು ತಲೆಯಾಡಿಸಿದರು. ಅವ್ವ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಸುಮ್ಮನಿರು ಎಂದು ಕಣ್ಣಲ್ಲೇ ಬೇಡುತ್ತಿದ್ದಳು.

"ಅಲ್ಲ," ಎಂದೆ ನಾನು. "ಏಟಿನಿಂದ ನನಗ ಆಗಿದ್ದು ಜಡ್ಡು. ಅದನ್ನ ಕಳದವರು ಬ್ಯಾರೆ."

ಅಪ್ಪ ಕಿಟಕಿಯ ಕಡೆ ನೋಡಿದ. ಅವ್ವ ಲಗುಬಗೆಯಿಂದ ಮುಂದೆ ಬಂದು, "ಚಹಾ ಆರಾಕತ್ತೈತಿ, ತಗೋರಿ" ಎಂದಳು. ಎಲ್ಲರೂ ಕಪ್ಪು ಎತ್ತಿಕೊಂಡರು.